ಪಾದದ ಗಂಟಿನೊಳಗಿನ ಬಿಳಿ ಕಲೆ

ನನ್ನ ಕಾಲನ್ನು ಮೊದಲು ನೋಡಿದ ಡಾಕ್ಟರು ಅದನ್ನು ಮುಟ್ಟಲಿಲ್ಲ.

೧೯೯೭ರ ಮಳೆಗಾಲ ಮುಗಿದ ಹೊಸತು. ಕುಂದಾಪುರದ ಒಂದು ಕ್ಲಿನಿಕ್ಕಿನ ಬೆಂಚಿನ ಮೇಲೆ ಕಾಲು ಚಾಚಿ ಕೂತಿದ್ದೆ. ಬಲಗಾಲಿನ ಪಾದದ ಗಂಟು ಎಲ್ಲಿ ಶುರುವಾಗಿ ಎಲ್ಲಿ ಮುಗಿಯುತ್ತದೆ ಎಂದು ತಿಳಿಯದ ಹಾಗೆ ಬಾತಿತ್ತು. ಡಾಕ್ಟರು ಕುರ್ಚಿ ಬಿಟ್ಟು ಏಳಲಿಲ್ಲ. ಕೈಯಲ್ಲಿದ್ದ ಪೆನ್ನಿನಿಂದ ಗಾಳಿಯಲ್ಲೇ ತೋರಿಸುತ್ತ, "ಇಲ್ಲಿ ನೋವಾ? ಈ ಕಡೆಯಾ?" ಎಂದು ಕೇಳಿದರು. ಪೆನ್ನಿನ ತುದಿ ಕೂಡ ಚರ್ಮಕ್ಕೆ ತಾಗಲಿಲ್ಲ. ಆಮೇಲೆ ನರ್ಸಿನ ಕಡೆ ತಿರುಗಿ, "ಆ ಫ್ಯಾನ್ ಸ್ವಲ್ಪ ಜೋರು ಮಾಡಿ" ಎಂದರು.

ಫ್ಯಾನು ಯಾಕೆ ಎಂದು ನನಗೂ ಗೊತ್ತಿತ್ತು, ಅಮ್ಮನಿಗೂ ಗೊತ್ತಿತ್ತು. ನಾವು ಬೈಂದೂರಿನ ಕಡಲ ಬದಿಯಿಂದ ಉಟ್ಟ ಬಟ್ಟೆಯಲ್ಲೇ ಬಂದಿದ್ದೆವು. ಅಮ್ಮ ಬಿಜೂರು, ಯಡ್ತರೆಯ ಮನೆಗಳಿಗೆ ಮೀನು ಹೊತ್ತು ಮಾರುವವಳು. ಹತ್ತನೇ ತರಗತಿ ಮುಗಿದ ಮೇಲೆ ನಾನೂ ಅವಳ ಜೊತೆ ಬುಟ್ಟಿ ಹೊರತೊಡಗಿದ್ದೆ. ಆ ಬೆಳಿಗ್ಗೆ ದೋಣಿಯಿಂದ ಇಳಿಸಿದ ಬಂಗುಡೆಯ ಬುಟ್ಟಿಯನ್ನು ತಲೆಯ ಮೇಲಿಟ್ಟುಕೊಂಡು ಕಲ್ಲಿನ ಮೆಟ್ಟಿಲು ಹತ್ತುತ್ತಿದ್ದೆ. ಮೆಟ್ಟಿಲ ಮೇಲೆ ಮೀನಿನ ಲೋಳೆ. ಪಾದ ಒಳಕ್ಕೆ ಮಡಚಿ, ಇಡೀ ಮೈಯ ಭಾರ, ಬುಟ್ಟಿಯ ಭಾರ ಎರಡೂ ಅದರ ಮೇಲೆ ಬಿತ್ತು. ಒಳಗೆ ಏನೋ ಹಸಿ ಕಡ್ಡಿ ಮುರಿದ ಹಾಗೆ ಸದ್ದಾಯಿತು. ಬಿದ್ದಲ್ಲೇ ಬಿದ್ದಿದ್ದೆ.

"ಹ್ವಾಯ್, ಮೀನ್ ಹೋಯ್ತ್, ಮೀನ್!" ಎಂದು ಯಾರೋ ಕೂಗಿದರು. ಸುತ್ತಲಿದ್ದವರೆಲ್ಲ ಓಡಿ ಬಂದರು, ಚೆಲ್ಲಿದ ಬಂಗುಡೆ ಆಯುವುದಕ್ಕೆ. ನಾನು ಮೀನಿನ ನಡುವೆ ಮಲಗಿ ಕಾಲು ಹಿಡಿದುಕೊಂಡು ಅಳುತ್ತಿದ್ದರೆ ನನ್ನ ತೋಳಿನ ಕೆಳಗೆ ಸಿಕ್ಕಿಬಿದ್ದ ಮೀನನ್ನು ಒಬ್ಬಳು ಮೆಲ್ಲನೆ ಎಳೆದು ತೆಗೆದಳು. ನಮ್ಮ ಕೇರಿಯವಳೇ. ಅವಳು ಎದುರಾದಾಗಲೆಲ್ಲ ಬಹಳ ಕಾಲ ನಾನು ಮುಖ ತಿರುಗಿಸಿಕೊಂಡು ಹೋಗುತ್ತಿದ್ದೆ.

ಎಕ್ಸ್‌ರೇ ತೆಗೆದರು. ಡಾಕ್ಟರು ಅದನ್ನು ಕಿಟಕಿಯ ಬೆಳಕಿಗೆ ಹಿಡಿದು, "ಮೂಳೆ ಮುರಿದಿಲ್ಲ. ಉಳುಕಿದ್ದು ಅಷ್ಟೆ" ಎಂದರು. ಅಮ್ಮ ಹೊರಗೆ ಬಂದವಳೇ ಕೈಮುಗಿದಳು. "ಮುರ್ದಿಲ್ಲ ಗಡ ಮಗಾ. ದೇವ್ರ್ ದೊಡ್ಡೋನ್." ನನಗೂ ಸಮಾಧಾನವೇ ಆಯಿತು. ಆ ಒಂದು ಮಾತು ಮುಂದೆ ವರ್ಷಗಟ್ಟಲೆ ನನ್ನ ಬಾಯಿ ಕಟ್ಟಿಹಾಕುತ್ತದೆ ಎಂದು ಆಗ ಹೇಗೆ ಗೊತ್ತಾಗಬೇಕು?

ಬಾವು ಇಳಿಯದೆ ಹೋದಾಗ ಅಮ್ಮ ನನ್ನನ್ನು ಉಳುಕು ತೆಗೆಯುವ ಮುದುಕನೊಬ್ಬನ ಹತ್ತಿರ ಕರೆದುಕೊಂಡು ಹೋದಳು. ಅವನು ಮುಟ್ಟಿದ, ಅದೊಂದು ನಿಜ. ಎಲೆಗಳ ಹಸಿರು ರಸಕ್ಕೆ ಕೋಳಿಮೊಟ್ಟೆ ಒಡೆದು ಹಾಕಿ, ಕಲಸಿ ಮೆತ್ತಿ, ಬಿದಿರಿನ ಸೀಳು ಇಟ್ಟು ಹಳೆ ಪಂಚೆಯ ತುಂಡಿನಿಂದ ಬಿಗಿದ. ತಾನಾಗಿ ಸಡಿಲವಾಗುವ ತನಕ ಬಿಚ್ಚಬಾರದು, ನೀರು ತಾಗಿಸಬಾರದು. ಆ ಸೆಕೆಗೆ ಮೊಟ್ಟೆ ಕೊಳೆಯಿತು. ಕಡಲ ಬದಿಯಲ್ಲಿ ಹುಟ್ಟಿ, ಒಣಮೀನಿನ ರಾಶಿಯ ಪಕ್ಕದಲ್ಲಿ ಉಂಡು ಮಲಗಿದವಳು ನಾನು, ವಾಸನೆಗೆ ಮೂಗು ಮುಚ್ಚುವವಳಲ್ಲ. ನನ್ನ ಕಾಲಿನಿಂದಲೇ ಬಂದ ಆ ವಾಸನೆಗೆ ಮಾತ್ರ ಅನ್ನ ಸೇರುತ್ತಿರಲಿಲ್ಲ. ಕೊನೆಗೆ ಬಟ್ಟೆ ಬಿಚ್ಚಿದಾಗ ಒಳಗಿನ ಚರ್ಮ ನೀರಲ್ಲಿ ನೆನೆದ ಕಾಗದದ ಹಾಗೆ ಬೆಳ್ಳಗಾಗಿ, ಉಜ್ಜಿದರೆ ಸುಲಿದು ಬರುತ್ತಿತ್ತು. ಅಮ್ಮ ಬಿಸಿನೀರಲ್ಲಿ ತೊಳೆಯುತ್ತಿದ್ದರೆ ನಾನು ಬೇರೆ ಕಡೆ ಮುಖ ಮಾಡಿಕೊಂಡಿದ್ದೆ.

ಬಾವು ಇಳಿದಿತ್ತು. ನೋವು ಮಾತ್ರ ಒಳಗೆ ಉಳಿದಿತ್ತು. ಮೇಲಿಂದ ಒತ್ತಿದರೆ ಸಿಗುವ ನೋವಲ್ಲ ಅದು. ಎರಡು ಮೂಳೆಗಳ ನಡುವೆ ಒಂದು ಮರಳಿನ ಹರಳು ಸಿಕ್ಕಿಕೊಂಡು, ಹೆಜ್ಜೆ ಊರಿದಾಗಲೆಲ್ಲ ಅರೆಯುವ ಹಾಗೆ. ಬೆಳಿಗ್ಗೆ ಕಡಿಮೆ ಇರುತ್ತಿತ್ತು. ಮಧ್ಯಾಹ್ನ ದಾಟುತ್ತಲೇ ಗಂಟು ಬಿಸಿಯಾಗಿ ಬಾಯುತ್ತಿತ್ತು. ಕೆಲವೊಮ್ಮೆ ನಡೆಯುತ್ತ ನಡೆಯುತ್ತ ಗಂಟು ತಟ್ಟನೆ ಕಚ್ಚಿಕೊಂಡು ನಿಂತುಬಿಡುತ್ತಿತ್ತು. ಕಾಲು ಕೊಡವಿದ ಮೇಲೆ ಒಳಗೆ ಟಕ್ಕೆಂದು ಸದ್ದಾಗಿ ಬಿಡುತ್ತಿತ್ತು. ಇದನ್ನು ಹೇಗೆ ಹೇಳಿದರೂ ಕೇಳುವವರು ನನ್ನ ಕಾಲಿನ ಕಡೆ ನೋಡುತ್ತಿದ್ದರು. ಕಾಲು ನೋಡುವುದಕ್ಕೆ ಸರಿಯಾಗೇ ಇತ್ತು.

ನನ್ನನ್ನು ನೋಡಲು ಗಂಡಿನ ಕಡೆಯವರು ಬರುವ ದಿನ ಅಮ್ಮ, "ನೀ ಮೊದ್ಲೇ ಚಾಪಿ ಮೇಲ್ ಕೂಕಂಡಿರ್. ಅವ್ರ್ ಹೋಪತನ್ಕ ಏಳ್ಬೇಡ" ಎಂದಳು. ಹಾಗೇ ಕೂತೆ. ಕಾಫಿಯ ತಟ್ಟೆಯನ್ನು ದೊಡ್ಡಮ್ಮನ ಮಗಳು ಹಿಡಿದು ತಂದಳು. ಕಾಲಿಗೆ ಏನಾಗಿದೆ ಎಂದು ಅವರು ಕೇಳಲಿಲ್ಲ, ನಾವು ಹೇಳಲಿಲ್ಲ. ಅವರ ಮುಂದೆ ಕೊಳ್ಳುವುದಕ್ಕಿಟ್ಟ ಮೀನಿನ ಹಾಗೆ, ಕೆಟ್ಟ ಮಗ್ಗುಲು ಕೆಳಗೆ ಮಾಡಿಕೊಂಡು ಕೂತಿದ್ದೆ. ಅವತ್ತು ಕುಡಿದ ಕಾಫಿಯನ್ನು ಅವರು ಹೋದ ಮೇಲೆ ಹಿತ್ತಲಲ್ಲಿ ಕಕ್ಕಿದೆ. ಅಮ್ಮ ಪಿತ್ತ ಎಂದುಕೊಂಡಳು.

ಮದುವೆಯಾಗಿ ಕುಂದಾಪುರದ ಕಡೆಗೆ ಬಂದೆ. ಗಂಡ ಬೋಟಿಗೆ ಹೋಗುವವರು. ಹೋದರೆ ದಿನಗಟ್ಟಲೆ ಕಡಲಲ್ಲೇ. ಮನೆಯಲ್ಲಿ ಅತ್ತೆ, ಗಂಡನ ಅಣ್ಣನ ಹೆಂಡತಿ, ಅಂದರೆ ನನ್ನ ಓರಗಿತ್ತಿ, ಮತ್ತು ನಾನು. ಹೆಂಗಸರ ಕೆಲಸ ಮೀನಿಗೆ ಉಪ್ಪು ಹಾಕಿ ಮರಳ ಮೇಲೆ ಒಣಗಿಸುವುದು. ಒದ್ದೆ ಮೀನಿನ ಬುಟ್ಟಿ ಹೊತ್ತು ಮೆತ್ತಗಿನ ಮರಳಲ್ಲಿ ನಡೆಯುವುದು ಎಂಥದ್ದೆಂದು ಪಾದದ ಗಂಟು ಸರಿ ಇರುವವರಿಗೆ ಗೊತ್ತಾಗುವುದಿಲ್ಲ. ಪ್ರತಿ ಹೆಜ್ಜೆಗೂ ಪಾದ ಒಂದು ಬದಿಗೆ ಹೊರಳುತ್ತದೆ. ಒಳಗಿನ ಹರಳು ಅರೆಯುತ್ತದೆ.

ಒಂದು ಸಂಜೆ ಬುಟ್ಟಿ ಇಳಿಸಿ ಕೂತುಬಿಟ್ಟಾಗ ಅತ್ತೆ ಎಲ್ಲರಿಗೂ ಕೇಳುವ ಹಾಗೆ ಹೇಳಿದರು, "ಊಟಕ್ಕೆ ಬಪ್ಪುಕೆ ಕಾಲ್ ಸಮ ಇತ್ತ್. ಬುಟ್ಟಿ ಹೊರುಕೆ ಮಾತ್ರ ಬೇನಿ ಬತ್ತ್."

ಮರುದಿನ ನಾನು ಬಾವಿಯಿಂದ ನೀರು ತರುವಾಗ ಓರಗಿತ್ತಿ ಅಂಗಳದಲ್ಲಿ ನೆರೆಮನೆಯವಳ ಮುಂದೆ ಕುಂಟಿ ತೋರಿಸುತ್ತಿದ್ದಳು. ನನ್ನ ನಡಿಗೆಯನ್ನು ಅವಳು ಎಷ್ಟು ಚೆನ್ನಾಗಿ ನೋಡಿಟ್ಟುಕೊಂಡಿದ್ದಳು! ಬಲಗಾಲು ಊರುವ ಮೊದಲು ಸೊಂಟ ಎತ್ತುವುದು, ಊರಿದ ಮೇಲೆ ತುಟಿ ಕಚ್ಚುವುದು, ಒಂದೂ ಬಿಟ್ಟಿರಲಿಲ್ಲ. ನೆರೆಮನೆಯವಳು ಸೆರಗು ಬಾಯಿಗೆ ಒತ್ತಿಕೊಂಡು ನಗುತ್ತಿದ್ದಳು. ನಾನು ಕೊಡ ಇಳಿಸಿ ಒಳಗೆ ಹೋದೆ. ಜಗಳಕ್ಕೆ ನಿಲ್ಲುವುದಕ್ಕೂ ಹೇಸಿಗೆಯಾಯಿತು.

ಅತ್ತೆಯೇ ನನ್ನನ್ನು ಇನ್ನೊಬ್ಬ ಡಾಕ್ಟರ ಹತ್ತಿರ ಕರೆದುಕೊಂಡು ಹೋದರು. ಮತ್ತೆ ಎಕ್ಸ್‌ರೇ. ಮತ್ತೆ ಅದೇ ಮಾತು. "ಎಲ್ಲ ನಾರ್ಮಲ್." ಡಾಕ್ಟರು ಅತ್ತೆಯ ಕಡೆ ನೋಡಿ ನಕ್ಕು, "ಸಣ್ಣ ಪ್ರಾಯ. ಗಂಡ ಊರಲ್ಲಿರೋದಿಲ್ಲ ಅಲ್ವಾ? ಹೀಗೆಲ್ಲ ಆಗ್ತದೆ" ಎಂದು ಒಂದು ಮಾತ್ರೆ ಬರೆದುಕೊಟ್ಟರು. ಅತ್ತೆಯೂ ನಕ್ಕರು. ನಾನು ಅಲ್ಲಿ ಇಲ್ಲವೇ ಇಲ್ಲ ಎನ್ನುವ ಹಾಗೆ ಇಬ್ಬರೂ ನನ್ನ ಬಗ್ಗೆ ನಕ್ಕರು. ಆ ಮಾತ್ರೆ ನುಂಗಿದರೆ ನಿದ್ದೆ ಬರುತ್ತಿತ್ತು, ಬಾಯಿ ಒಣಗುತ್ತಿತ್ತು. ಕಾಲು ತನ್ನಷ್ಟಕ್ಕೆ ನೋಯುತ್ತಿತ್ತು. ಕೆಲವು ದಿನ ನುಂಗಿ, ಉಳಿದದ್ದನ್ನು ಒಲೆಗೆ ಹಾಕಿದೆ.

'ನಾರ್ಮಲ್' ಎಂಬ ಪದವನ್ನು ಅತ್ತೆ ಆ ದಿನ ಕಲಿತರು. ಆಮೇಲೆ ಅದು ನಮ್ಮ ಮನೆಯ ಮಾತಾಯಿತು. "ಕಾಲ್ ನೋಯ್ತಾ? ಡಾಕ್ಟ್ರೇ ನಾರ್ಮಲ್ ಅಂದಿರಲೆ." ಗಂಡನೂ ಒಂದು ಸಲ ಅದನ್ನೇ ಹೇಳಿದರು. ಕೆಟ್ಟ ಮನಸ್ಸಿನಿಂದಲ್ಲ, ನನಗೆ ಧೈರ್ಯ ತುಂಬುತ್ತಿದ್ದೇನೆ ಎಂದುಕೊಂಡು. ಅವತ್ತಿನಿಂದ ಅವರ ಹತ್ತಿರವೂ ಹೇಳುವುದು ಬಿಟ್ಟೆ.

ಹೀಗೆ ವರ್ಷಗಳು ಹೋದವು. ಮಗಳು ಹುಟ್ಟಿದಳು, ಶಾಲೆಗೆ ಹೋಗುವಷ್ಟು ದೊಡ್ಡವಳಾದಳು. ೨೦೦೮ರ ಹೊತ್ತಿಗೆ ಬ್ರಹ್ಮಾವರದಲ್ಲಿದ್ದ ಚಿಕ್ಕಮ್ಮ, ಅಮ್ಮನ ತಂಗಿ, ಹೊಸ ಮನೆ ಕಟ್ಟಿ ಒಕ್ಕಲಿಗೆ, ಅಂದರೆ ಗೃಹಪ್ರವೇಶಕ್ಕೆ, ಕರೆದಳು. ಊಟವಾದ ಮೇಲೆ ಮಾಳಿಗೆಯಿಂದ ಇಳಿಯುತ್ತಿದ್ದೆ. ಮೆಟ್ಟಿಲ ಮಧ್ಯದಲ್ಲಿ ಗಂಟು ಕಚ್ಚಿಕೊಂಡಿತು. ಎಷ್ಟು ಕೊಡವಿದರೂ ಬಿಡಲಿಲ್ಲ. ಗೋಡೆ ಹಿಡಿದು ಕುಸಿದು ಕೂತೆ.

ಚಿಕ್ಕಮ್ಮ ಕೆಳಗಿನಿಂದ ಓಡಿಬಂದಳು. "ಎಂತಾಯ್ತ್ ಹೆಣ್ಣೆ?"

"ಎಂತ ಇಲ್ಲ. ನಾರ್ಮಲ್" ಎಂದೆ. ಹೇಳುತ್ತಲೇ ಅಳು ಬಂತು.

ಅವಳು ನನ್ನ ಮುಖ ನೋಡಿದಳು. "ಬೆವ್ರ್ ಇಳಿತಿತ್ತ್, ಎಂತದ್ ನಾರ್ಮಲ್? ಏಳ್, ನಾನೇ ಕರ್ಕಂಡ್ ಹೋತೆ" ಎಂದವಳು ನೆಂಟರನ್ನೆಲ್ಲ ಅಲ್ಲೇ ಬಿಟ್ಟು ರಿಕ್ಷಾ ಕರೆಸಿದಳು.

ಬ್ರಹ್ಮಾವರದ ಆ ಚಿಕ್ಕ ಆಸ್ಪತ್ರೆಗೆ ಮೂಳೆಯ ಡಾಕ್ಟರೊಬ್ಬರು ವಾರಕ್ಕೊಮ್ಮೆ ಬರುತ್ತಿದ್ದರು. ನನ್ನ ಅದೃಷ್ಟಕ್ಕೆ ಅದು ಅವರ ದಿನ. ನಡುಪ್ರಾಯದ ಹೆಂಗಸು. ಎಲ್ಲ ಕೇಳಿಕೊಂಡ ಮೇಲೆ ಒಂದು ಗಿಡ್ಡ ಸ್ಟೂಲ್ ಎಳೆದುಕೊಂಡು ನನ್ನ ಎದುರು ಕೂತು, ನನ್ನ ಪಾದವನ್ನು ಎತ್ತಿ ತಮ್ಮ ತೊಡೆಯ ಮೇಲಿಟ್ಟುಕೊಂಡರು. ನಾನು ಗಾಬರಿಯಾಗಿ ಹಿಂದಕ್ಕೆಳೆದೆ. ಉಪ್ಪು ಮರಳಲ್ಲಿ ಒಡೆದ ಹಿಮ್ಮಡಿ, ಬಿರುಕುಗಳಲ್ಲಿ ಕಪ್ಪು.

"ಬಿಡಿ, ಆಮೇಲೆ ಕೈ ತೊಳ್ಕೊಂಡ್ರೆ ಆಯ್ತು" ಎಂದರು.

ಪಾದವನ್ನು ಪೂರ್ತಿ ಕೆಳಕ್ಕೆ ಬಗ್ಗಿಸಿ, ಗಂಟಿನ ಒಳಬದಿಯಲ್ಲಿ, ಎರಡು ಮೂಳೆ ಸೇರುವ ಸಂದಿಯಲ್ಲಿ ಹೆಬ್ಬೆರಳಿಟ್ಟು ಒತ್ತಿದರು. ನಾನು ಕಿರುಚಿದೆ. ಅವರು ತಕ್ಷಣ ಬಿಟ್ಟು, ಬೇರೆ ಜಾಗ ಒತ್ತಿದರು. ಏನೂ ಇಲ್ಲ. ಮತ್ತೆ ಅದೇ ಜಾಗಕ್ಕೆ ಬಂದರು. ಮತ್ತೆ ಅದೇ ನೋವು, ನನ್ನ ಹರಳು.

"ಇಷ್ಟು ವರ್ಷದಲ್ಲಿ ಹೀಗೆ ಒತ್ತಿ ನೋಡ್ಲಿಲ್ವಾ ಯಾರೂ?"

ಚಿಕ್ಕಮ್ಮ ನನ್ನ ಕಡೆ ನೋಡಿದಳು. ನಾನು ಇಲ್ಲ ಎಂದು ತಲೆಯಾಡಿಸಿದೆ. ಆ ಹೊತ್ತಿನಲ್ಲಿ ಸಂತೋಷ ಆಗಬೇಕಿತ್ತು. ನನಗೆ ಬಂದದ್ದು ಸಿಟ್ಟೂ ಅಲ್ಲ. ಇಷ್ಟು ವರ್ಷ ನನ್ನ ಕಾಲು ನೋಡಿದವರ ಮುಖಗಳೆಲ್ಲ ಒಟ್ಟಿಗೆ ಕಣ್ಣಮುಂದೆ ಬಂದು ಬಾಯೆಲ್ಲ ಕಹಿಯಾಯಿತು.

ಅವರು ಹೊಸದಾಗಿ ಎಕ್ಸ್‌ರೇ ತೆಗೆಸಿದರು, ಈ ಸಲ ಪಾದವನ್ನು ಸ್ವಲ್ಪ ಒಳಕ್ಕೆ ತಿರುಗಿಸಿ ಇಟ್ಟು. ಫಿಲ್ಮನ್ನು ಬೆಳಕಿನ ಪೆಟ್ಟಿಗೆಗೆ ಸಿಕ್ಕಿಸಿ, ಮೂಳೆಯ ಅಂಚಿನಲ್ಲಿ ಉಗುರು ತಾಗಿದಂಥ ಮಸುಕಾದ ಒಂದು ಗೆರೆ ತೋರಿಸಿದರು. ಆಮೇಲೆ ಸಾವಕಾಶವಾಗಿ ಹೇಳಿದರು. ಕಾಲಿನ ಉದ್ದ ಮೂಳೆಗಳ ಕೆಳಗೆ ಒಂದು ಗಿಡ್ಡ ಮೂಳೆ ಇದೆ, ಒರಳೊಳಗೆ ಗುಂಡು ಕೂತ ಹಾಗೆ. ಅದರ ತಲೆಯ ಮೇಲೆ ನುಣ್ಣಗಿನ ಹೊದಿಕೆ, ಮೃದ್ವಸ್ಥಿ. ಕಾಲು ಹೊರಳಿದಾಗ ಆ ಹೊದಿಕೆ ಕೆಳಗಿನ ಮೂಳೆಯ ಚೂರಿನೊಂದಿಗೆ ಎದ್ದಿರಬಹುದು.

"ಮೊದಲಿನ ಎಕ್ಸ್‌ರೇಯಲ್ಲಿ ಕಾಣದೇ ಇದ್ದಿರಬಹುದು. ಎಷ್ಟೋ ಸಲ ಕಾಣೋದಿಲ್ಲ. ಮೃದ್ವಸ್ಥಿ ಎಕ್ಸ್‌ರೇಯಲ್ಲಿ ಬರೋದೇ ಇಲ್ಲ. ಆದ್ರೆ ನೋವು ಹೋಗದೆ ಇದ್ದಾಗ ಮತ್ತೆ ಹುಡುಕಬೇಕಿತ್ತು. ಎಂಆರ್‌ಐ ಮಾಡಿಸುವ."

ಎಂಆರ್‌ಐ ಇದ್ದದ್ದು ಬ್ರಹ್ಮಾವರದಿಂದ ಇನ್ನೂ ಆಚೆಯ ದೊಡ್ಡ ಆಸ್ಪತ್ರೆಯಲ್ಲಿ. ಗಂಡ ಕಡಲಲ್ಲಿದ್ದರು. ಅತ್ತೆ, "ಒಬ್ಬಳನ್ನ ಕಳ್ಸುಕಾತ್ತಾ?" ಎಂದು ತಾವೇ ಹೊರಟರು. ಅಲ್ಲಿ ಮೈಮೇಲೆ ಲೋಹದ್ದು ಒಂದೂ ಇರಬಾರದು ಎಂದರು. ಬಳೆ ತೆಗೆದೆ, ಓಲೆ ತೆಗೆದೆ, ಕಾಲುಂಗುರ ತೆಗೆದೆ. ಕರಿಮಣಿಗೆ ಕೈ ಹಾಕಿದಾಗ ಅತ್ತೆ ನನ್ನ ಮಣಿಕಟ್ಟು ಹಿಡಿದರು.

"ಗಂಡ ಕಡ್ಲಲ್ ಇಪ್ಪ ಹೊತ್ತಿಗೆ ಕರಿಮಣಿ ತೆಗಿತ್ಯಾ? ಮಗ ಮನಿಗ್ ಬಪ್ಪುದ್ ಬೇಡ್ದಾ?"

"ತೆಗಿದಿರೆ ಒಳ್ಗೆ ಬಿಡುದಿಲ್ಲ ಅತ್ತಿ."

"ಹಾಂಗಾರೆ ಬೇಡ. ಇಷ್ಟ್ ವರ್ಷ ನಡಿಲ್ಯಾ? ಮನಿಗ್ ಹೋಪ."

ಅಲ್ಲಿದ್ದವರೆಲ್ಲ ನಮ್ಮನ್ನೇ ನೋಡುತ್ತಿದ್ದರು. ಬಾಗಿಲ ಹತ್ತಿರ ನಿಂತಿದ್ದವನು, ನಾವು ಮಾತು ಮುಗಿಸುವ ತನಕ ಕಾಯುತ್ತ, ಗೋಡೆಯ ಮೇಲಿದ್ದ ಸುವಾಸನೆಯ ಡಬ್ಬಿ ತೆಗೆದು ನಮ್ಮ ತಲೆಯ ಮೇಲಿನ ಗಾಳಿಗೆ ಚಿಮುಕಿಸಿದ. ಅವತ್ತು ನಾನು ಮಿಂದು, ಒಗೆದ ಸೀರೆ ಉಟ್ಟು ಹೋಗಿದ್ದೆ. ಅತ್ತೆಯ ಕೈ ಬಿಡಿಸಿಕೊಂಡು, ಕರಿಮಣಿ ತಲೆಯ ಮೇಲಿಂದ ತೆಗೆದು ಅವರ ಅಂಗೈಯಲ್ಲಿಟ್ಟು, "ಹಿಡ್ಕಣಿ" ಎಂದೆ. ಅವರು ಬೆಂಕಿಯ ಕೆಂಡ ಹಿಡಿದವರ ಹಾಗೆ ನಿಂತರು. ನಾನು ಒಳಗೆ ಹೋದೆ.

ಕಾಲನ್ನು ಕೊಳವೆಯಂಥ ಯಂತ್ರದೊಳಗೆ ತಳ್ಳಿದರು. ಅಲುಗಾಡಬಾರದು. ಬಲೆ ಸಿಕ್ಕಿಕೊಂಡ ಬೋಟಿನ ಎಂಜಿನ್ ಹೊಡೆದುಕೊಳ್ಳುವಂಥ ಸದ್ದು. ಮಲಗಿದಲ್ಲೇ ನನಗೆ ಒಂದು ಹೆದರಿಕೆ ಹುಟ್ಟಿತು. ಇದರಲ್ಲೂ ಏನೂ ಕಾಣದಿದ್ದರೆ? ಇಲ್ಲಿಂದಲೂ ನಾರ್ಮಲ್ ಎಂದು ಕಳಿಸಿದರೆ? ಕಣ್ಣು ಮುಚ್ಚಿ ದೇವರನ್ನು ಬೇಡಿಕೊಂಡೆ. ನನ್ನ ಕಾಲಲ್ಲಿ ಏನಾದರೂ ಕೆಟ್ಟಿರಲಿ, ಚೆನ್ನಾಗಿ ಕೆಟ್ಟಿರಲಿ, ಎಲ್ಲರಿಗೂ ಕಾಣುವ ಹಾಗೆ ಕೆಟ್ಟಿರಲಿ. ಒಬ್ಬ ಹೆಂಗಸು ತನ್ನ ಮೈಯೇ ಕೊಳೆತಿರಲಿ ಎಂದು ಹರಕೆ ಹೊರುವಷ್ಟು ದೂರ ತಂದಿಟ್ಟರಲ್ಲ ನನ್ನನ್ನು! ಆ ಪ್ರಾರ್ಥನೆ ನೆನಪಾದರೆ ಈಗಲೂ ಹೇಸಿಗೆಯಾಗುತ್ತದೆ.

ಕಂಡಿತು. ಬ್ರಹ್ಮಾವರದ ಡಾಕ್ಟರು ಫಿಲ್ಮಿನ ಮೇಲೆ ತೋರಿಸಿದರು. ಬೂದು ಬಣ್ಣದ ಗಿಡ್ಡ ಮೂಳೆಯ ಒಳಮೂಲೆಯಲ್ಲಿ ಒಂದು ಬಿಳಿ ಕಲೆ. ಮೇಲಿನ ಹೊದಿಕೆ ಬಿರುಕು ಬಿಟ್ಟು, ಅದರ ಸಂದಿಯಿಂದ ನೀರು ಕೆಳಗಿಳಿದು, ಮೂಳೆಯೊಳಗೆ ಪೊಳ್ಳು ಮಾಡಿತ್ತು. ಪೊಳ್ಳು ಎಷ್ಟು ಆಳ, ಮೂಳೆಯ ಚೂರು ಎಷ್ಟು ಸಡಿಲ ಎಂದು ಸರಿಯಾಗಿ ತಿಳಿಯಲು ಸಿಟಿ ಸ್ಕ್ಯಾನ್ ಕೂಡ ಮಾಡಿಸಿದರು. "ಮೃದ್ವಸ್ಥಿಗೆ ಎಂಆರ್‌ಐ, ಮೂಳೆಯ ಅಂಚಿಗೆ ಸಿಟಿ. ಎರಡೂ ನೋಡಿದ ಮೇಲೆ ಆಪರೇಷನ್" ಎಂದರು.

ಆ ಫಿಲ್ಮು ಮನೆಗೆ ಬಂದ ಮೇಲೆ ನಡೆದದ್ದು ಮೊದಲಿನದಕ್ಕಿಂತ ಅಸಹ್ಯ. ಅತ್ತೆ ಅದನ್ನು ಚಾವಡಿಯ ಟ್ಯೂಬ್‌ಲೈಟಿಗೆ ಹಿಡಿದು ಬಂದವರಿಗೆಲ್ಲ ತೋರಿಸತೊಡಗಿದರು. "ಕಾಣಿ, ಬೆಳ್ಳಗೆ ಇತ್ತಲೆ, ಅದೇ. ಒಳ್ಗೆ ಪೊಳ್ಳ್ ಅಂಬ್ರ್. ಪಾಪ, ಹ್ಯಾಂಗ್ ಸೈಸ್ಕಂಡಿತ್ತೋ ಹೆಣ್ಣ್!" ನೆರೆಮನೆಯವಳು ಬಂದು ಬಾಯಿಗೆ ಸೆರಗು ಒತ್ತಿಕೊಂಡಳು, ಈ ಸಲ ಅಳುವುದಕ್ಕೆ. ಓರಗಿತ್ತಿ, "ನಾ ಮೊದ್ಲಿಂದ್ಲೂ ಹೇಳ್ತಿದ್ದೆ, ಅದ್ರ ನಡಿಗಿ ಕಂಡ್ರೇ ಗೊತ್ತಾತ್ತಿತ್ತ್" ಎಂದಳು. ಗೊತ್ತಾಗದೆ ಏನು, ಅಷ್ಟು ಚೆನ್ನಾಗಿ ನಡೆದು ತೋರಿಸಿದವಳು! ಎಲ್ಲರೂ ನನ್ನ ಕಾಲನ್ನು ಮುಟ್ಟಿ ಮುಟ್ಟಿ ನೋಡಿದರು. ಅವರು ಅಣಕಿಸುವಾಗ ನಾನು ಅವರನ್ನು ಸಹಿಸಿದ್ದೆ. ಅವರ ಕನಿಕರ ಸಹಿಸಲಿಕ್ಕಾಗಲಿಲ್ಲ. ಒಂದು ಮಧ್ಯಾಹ್ನ ಚಾವಡಿ ತುಂಬ ಜನ ಇರುವಾಗಲೇ ಅತ್ತೆಯ ಕೈಯಿಂದ ಫಿಲ್ಮು ತೆಗೆದುಕೊಂಡೆ.

"ಇದನ್ ಇನ್ ಯಾರಿಗೂ ತೋರ್ಸುಕಾಗ" ಎಂದೆ.

"ಎಂತಕ್ಕೆ ಮಗಾ? ಒಳ್ಳೇದಕ್ಕೇ ಅಲ್ದಾ?"

"ನಾ ಬಾಯಲ್ಲಿ ಹೇಳು ಹೊತ್ತಿಗೆ ಯಾರ್ ಕೇಂಡಿರಿ?"

ಒಬ್ಬೊಬ್ಬರೇ ಎದ್ದು ಹೋದರು.

ಗಂಡ ಕಡಲಿಂದ ಬಂದವರು ಫಿಲ್ಮನ್ನು ಬಹಳ ಹೊತ್ತು ನೋಡಿದರು. "ಮದಿ ಆಪ್ಪ ಹೊತ್ತಿಗೂ ಇದ್ ಹೀಂಗೇ ಇತ್ತಾ?" ಎಂದು ಕೇಳಿದರು. ಹೌದು ಎಂದೆ. "ನೀ ಹೇಳಿದ್ದೆ" ಎಂದರು. ಹೌದು ಎಂದೆ. ಆಪರೇಷನ್ನಿನ ಹೊತ್ತಿಗೆ ಬೋಟಿಗೆ ಹೋಗದೆ ಉಳಿದರು.

ಸಣ್ಣ ತೂತುಗಳ ಮೂಲಕ ಒಳಗೆ ಹೋಗಿ, ಸಡಿಲವಾದ ಚೂರು ತೆಗೆದು, ಪೊಳ್ಳು ಕೆರೆದು, ಗಟ್ಟಿ ಮೂಳೆಗೆ ಚಿಕ್ಕ ಚಿಕ್ಕ ರಂಧ್ರ ಕೊರೆದರು. ಅಲ್ಲಿಂದ ರಕ್ತ ಒಸರಿ ಹೊಸ ಹೊದಿಕೆ ಬೆಳೆಯಬೇಕು. ಮೊದಲಿನಷ್ಟು ಒಳ್ಳೆಯದು ಬೆಳೆಯುವುದಿಲ್ಲ ಎಂದು ಡಾಕ್ಟರು ಮೊದಲೇ ಹೇಳಿದ್ದರು. ಬಹಳ ಕಾಲ ಕಾಲೂರದೆ ಊರುಗೋಲಿನಲ್ಲಿದ್ದೆ. ಈಗ ಗಂಟು ಕಚ್ಚಿಕೊಳ್ಳುವುದಿಲ್ಲ. ಸಮ ನೆಲದಲ್ಲಿ ನೋವಿಲ್ಲದೆ ನಡೆಯುತ್ತೇನೆ. ಇಳಿಜಾರಿನಲ್ಲಿ ಸ್ವಲ್ಪ ನೋಯುತ್ತದೆ, ಮಳೆಗಾಲದಲ್ಲಿ ಬಿಗಿಯುತ್ತದೆ. ಬುಟ್ಟಿ ಹೊರುವುದಿಲ್ಲ ಎಂದು ಹೇಳಿಬಿಟ್ಟೆ. ಹೊಲಿಗೆ ಕಲಿತು ಮನೆಯಲ್ಲೇ ರವಿಕೆ ಹೊಲಿಯತೊಡಗಿದೆ. ಎಡಗಾಲಲ್ಲಿ ಮೆಷಿನ್ ತುಳಿಯುವುದು ಅಭ್ಯಾಸವಾಯಿತು.

ಕೆಲವು ವರ್ಷ ಕಳೆದ ಮೇಲೆ ಅತ್ತೆಗೆ ಮೊಣಕಾಲು ನೋವು ಶುರುವಾಯಿತು. ಒಂದು ದಿನ ನಾನು ಹೊಲಿಯುತ್ತಿದ್ದಲ್ಲಿಗೆ ಬಂದು, ಬಾಗಿಲ ಹೊಸ್ತಿಲಲ್ಲಿ ಕೂತರು. "ಮಗಾ, ನಂಗೂ ಆ ದೊಡ್ಡ ಫೋಟೋ ತೆಗ್ಸ್. ಆ ಗುಹೆಯೊಳ್ಗೆ ಹಾಕ್ತ್ರಲೆ, ಅದ್."

"ಎಂತಕ್ಕೆ ಅತ್ತಿ? ಮೊದ್ಲ್ ಡಾಕ್ಟ್ರಿಗ್ ತೋರ್ಸುವ."

ಅವರು ಓರಗಿತ್ತಿ ಇದ್ದ ಅಡುಗೆಮನೆಯ ಕಡೆ ನೋಡಿ ದನಿ ತಗ್ಗಿಸಿದರು. "ದೊಡ್ ಸೊಸಿ ನಂಬುದಿಲ್ಲ. ಮುದ್ಕಿ ನಾಟ್ಕ ಮಾಡ್ತ್ ಅಂತ್. ಫೋಟೋ ಇದ್ರೆ ಬಾಯಿ ಮುಚ್ಚತ್ತ್."

ಮೆಷಿನ್ ನಿಲ್ಲಿಸಿ ಅವರ ಮುಖ ನೋಡಿದೆ. ತಾವು ಏನು ಹೇಳಿದೆವು ಎಂಬ ಸುಳಿವೇ ಅಲ್ಲಿರಲಿಲ್ಲ. ಸುಮ್ಮನೆ ಒಂದು ಉಪಾಯ ಹೇಳಿದವರ ಹಾಗೆ ಮೊಣಕಾಲು ನೀವುತ್ತ ಕೂತಿದ್ದರು. ನನಗೆ ಎದ್ದು ಹೊರಗೆ ಹೋಗಿ ಉಗಿಯಬೇಕೆನ್ನಿಸಿತು.

ಆದರೂ ಬ್ರಹ್ಮಾವರಕ್ಕೆ ಕರೆದುಕೊಂಡು ಹೋದೆ. ಅದೇ ಡಾಕ್ಟರು ಮೊಣಕಾಲು ಮಡಚಿ, ಚಾಚಿ, ಒತ್ತಿ ನೋಡಿ, ನಿಲ್ಲಿಸಿ ಒಂದು ಎಕ್ಸ್‌ರೇ ತೆಗೆಸಿದರು. ಸವೆದಿದೆ, ವ್ಯಾಯಾಮ ಮಾಡಬೇಕು, ಎಂಆರ್‌ಐ ಬೇಡ ಎಂದರು. ಅತ್ತೆಗೆ ಅವಮಾನವಾಯಿತು. ಬಸ್ಸಿಗೆ ಕಾಯುವಾಗ, "ಆ ಡಾಕ್ಟ್ರಿಗೆ ನಿನ್ ಮೇಲಿಪ್ಪು ಪ್ರೀತಿ ನನ್ ಮೇಲಿಲ್ಲ" ಎಂದರು. ಬಸ್ಸು ಬಂತು. ಅವರ ತೋಳು ಹಿಡಿದು ಹತ್ತಿಸಿ, ಸೀಟು ಹಿಡಿದು ಕೂರಿಸಿದೆ. ಕುಂದಾಪುರ ಬರುವ ತನಕ ಅವರು ತಮ್ಮ ಮೊಣಕಾಲಿನ ನೋವು ಎಂಥದ್ದೆಂದು ಹೇಳುತ್ತಲೇ ಇದ್ದರು. ನಾನು ಕಿಟಕಿಯ ಹೊರಗೆ ನೋಡುತ್ತ ಎಲ್ಲದಕ್ಕೂ ಹೂಂ ಎಂದೆ.